ಅಕ್ಕಿ ಮಿಲ್ಲಿನ ವಿಮಾನ

ಏಪ್ರಿಲ್ 21, ಸೋಮವಾರ

ಬೆಳಿಗ್ಗೆ ಕಣ್ಣಿಗೆ ಬಿದ್ದದ್ದು: ಎಡ ರೆಕ್ಕೆಯ ಹೊಲಿಗೆ ಸಣ್ಣದು, ಒತ್ತೊತ್ತು. ಬಲ ರೆಕ್ಕೆಯದು ಉದ್ದುದ್ದ. ಹೋದ ವಾರವೆಲ್ಲ ಅವೇ ರೆಕ್ಕೆಗಳ ಧೂಳು ಒರೆಸಿದ್ದೇನೆ, ನೋಡಿಯೇ ಇರಲಿಲ್ಲ. ಮಿಲ್ಲಿನ ಬಾಗಿಲಿಂದ ಬಿಸಿಲು ಓರೆಯಾಗಿ ಬಂದಾಗ ಮಾತ್ರ ಕಾಣುತ್ತದೆ.

ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಮಜ್ಜಿಗೆ ತಂದ ವನಮಾಲಕ್ಕ, ನಾನು ಹೊಲಿಗೆಯ ಮೇಲೆ ಬೆರಳಾಡಿಸುವುದನ್ನು ಕಂಡು ತಾವೇ ಹೇಳಿದರು.

"ಎಡಗಡೇದು ಪುರುಸೊತ್ತಲ್ಲಿ ಹೊಲ್ದಿದ್ದು ಕಣೇ. ಬಲಗಡೇದು, ಮಳೆ ಹಿಡೀತದೆ ಬೇಗ ಬೇಗ ಅಂತ ಇವ್ರು ತಲೆ ಮೇಲೆ ನಿಂತು ಹೊಲಿಸಿದ್ದು."

"ಅದಕ್ಕೇ ಹಾರೋವಾಗ ಒಂದು ಕಡೆ ಎಳೀತಿತ್ತು," ವಿಮಾನದ ಅಡಿಯಲ್ಲಿ ಮಲಗಿದ್ದ ಅವರ ಗಂಡ ನಾಗರಾಜಪ್ಪನವರು ಅಲ್ಲಿಂದಲೇ ಕೂಗಿದರು.

"ಹೌದೌದು, ಎಳೀತದೆ. ಬಟ್ಟೆ ಓರೆ ಕತ್ತರಿಸಿದ್ದು ಯಾರು? ಮಜ್ಜಿಗೆ ಬೇಕಾ ಬೇಡ್ವಾ?"

"ಬೇಕು ಬೇಕು."

ಮಾತು ಅಲ್ಲಿಗೆ ಮುಗಿಯಿತು.

ನಾನು ಇಲ್ಲಿಗೆ ಬಂದದ್ದು ಸುಮನಾ ಮೇಡಂ ಹೇಳಿದ್ದಕ್ಕೆ. ಬಿ.ಎ.ಯಲ್ಲಿ ಕನ್ನಡ ಕಲಿಸಿದವರು, ಈಗ ಸಾಗರದ ಹತ್ತಿರ ಒಂದು ಹೈಸ್ಕೂಲು ನೋಡಿಕೊಳ್ಳುತ್ತಾರೆ. ಅಲ್ಲಿ ವಿಜ್ಞಾನದ ಹಾಲ್ ಕಟ್ಟಿಸಿದ್ದಾರೆ. ಜೂನಿನಲ್ಲಿ ಶಾಲೆ ತೆರೆಯುವಾಗ ಈ ವಿಮಾನ ಅದರೊಳಗೆ ನಿಂತಿರಬೇಕು, ಪಕ್ಕದಲ್ಲಿ ಅದರ ಇತಿಹಾಸದ ಬೋರ್ಡು ಇರಬೇಕು. ಬೋರ್ಡು ಬರೆಯುವವಳು ನಾನು. "ನೀನು ಮಾತಾಡಲ್ಲ, ಸರಿ. ಆದ್ರೆ ಕೇಳಿಸ್ಕೊಳ್ತೀಯ. ನಂಗೆ ಅಷ್ಟೇ ಸಾಕು" ಎಂದರು. ಎಂ.ಎ. ಮುಗಿದು ಮನೆಯಲ್ಲಿ ಕೂತವಳಿಗೆ ಬೇಡ ಅನ್ನಲು ಕಾರಣವೂ ಇರಲಿಲ್ಲ.

ದಿನಾ ಹೊಸನಗರದಿಂದ ಬಸ್ಸು. ಕೋಣಂದೂರಿನಲ್ಲಿ ಇಳಿದು, ತೀರ್ಥಹಳ್ಳಿ ರಸ್ತೆಯಲ್ಲಿ ಸ್ವಲ್ಪ ನಡೆದರೆ ಮಿಲ್ಲು. ಅಕ್ಕಿ ಮಾಡುವುದು ನಿಂತು ವರ್ಷಗಳಾದವು. ಭತ್ತದ ಹೊಟ್ಟು ಬಿಡಿಸುವ ಹಲ್ಲರ್ ಮೆಷಿನ್ ಇದ್ದ ಜಾಗದಲ್ಲಿ ಈಗ ವಿಮಾನ. ಹತ್ತಿರ ಹೋದರೆ ಇನ್ನೂ ತೌಡಿನ ವಾಸನೆ.

ಅಮ್ಮನ ಪ್ರಶ್ನೆ: "ಒಂದು ಬೋರ್ಡಿಗೆ ದಿನಾ ಹೋಗ್ಬೇಕೇನೇ?"

ಬೇಕಿಲ್ಲ. ಆದರೂ ಹೋಗುತ್ತೇನೆ. ನಾಗರಾಜಪ್ಪನವರ ಎರಡೂ ಕಣ್ಣಿಗೆ ಪೊರೆ. ಸಣ್ಣ ಸಾಮಾನುಗಳನ್ನು ಒರೆಸಲು ನನ್ನ ಕಣ್ಣು ಬೇಕಂತೆ. ನನಗೂ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ನೋಡುವ ಆಸೆ.


ಏಪ್ರಿಲ್ 24, ಗುರುವಾರ

ವಿಮಾನ ಎಂದರೆ ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಇದಕ್ಕೆ ಮೈಯೇ ಇಲ್ಲ. ಅಲ್ಯೂಮಿನಿಯಂ ಪೈಪುಗಳು, ತಂತಿ, ಬಟ್ಟೆ. ಮೊಪೆಡ್ಡಿನ ಚಕ್ರ. ಹಳೆಯ ಬಸ್ಸಿನಿಂದ ಬಿಚ್ಚಿ ತಂದ ಎರಡು ಸೀಟು, ಅಕ್ಕಪಕ್ಕ. ಸೀಟಿನ ಹಿಂದೆ ಮೇಲ್ಗಡೆ ಪೆಟ್ರೋಲ್ ಟ್ಯಾಂಕಿನ ಜಾಗ, ಅದರ ಹಿಂದೆ ಇಂಜಿನ್ನು, ಮರದ ಫ್ಯಾನು. ಮುಂದೆ ಒಂದು ಕಡ್ಡಿ, ಅದರ ತುದಿಗೆ ಕೆಂಪು ಉಲ್ಲನ್ ದಾರ.

ದಾರ ಯಾಕೆ ಎಂದು ಇವತ್ತು ನಾಗರಾಜಪ್ಪನವರನ್ನು ಕೇಳಿಯೇಬಿಟ್ಟೆ.

"ಅದೇ ನಮ್ಮ ಮೀಟರು. ದಾರ ನೇರ ನಿಮ್ಮ ಮೂಗಿನ ಕಡೆ ಬಂದ್ರೆ ವಿಮಾನ ನೇರ ಹೋಗ್ತಾ ಅದೆ. ಓರೆಯಾದ್ರೆ ನೀವು ಓರೆ ಹೋಗ್ತಾ ಇದೀರಿ. ದೊಡ್ಡ ದೊಡ್ಡೋರೂ ಕಟ್ತಾರೆ ತಂಗಿ, ನಗ್ಬೇಡ."

ನಾನು ನಕ್ಕಿರಲಿಲ್ಲ. ಕುತೂಹಲವಾದಾಗ ನನ್ನ ಮುಖ ಹಾಗಾಗುತ್ತದೆಯೋ ಏನೋ.

ಅವರ ಕಥೆ ಇಷ್ಟು. ಹುಡುಗಾಟದ ವಯಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಫ್ಲೈಯಿಂಗ್ ಕ್ಲಬ್ಬೊಂದರಲ್ಲಿ ಮೆಕ್ಯಾನಿಕ್ ಆಗಿದ್ದರು. ಪೈಲಟ್ಟುಗಳ ಕೈಕಾಲು ಹಿಡಿದು ಹಾರಿಸುವುದನ್ನೂ ಕಲಿತರು. ಅಪ್ಪ ತೀರಿಕೊಂಡಾಗ ಊರಿಗೆ ಬಂದು ಮಿಲ್ಲು ಹಿಡಿದರು. ಗೇಣಿ ಮಾಡುತ್ತಿದ್ದ ಮನೆತನ, ಭೂಮಿ ತಮ್ಮದಾದ ಮೇಲೆ ಅಪ್ಪ ಹಾಕಿಸಿದ ಮಿಲ್ಲು, ಬಿಡುವ ಹಾಗಿರಲಿಲ್ಲ. ಆದರೆ ತಲೆಗೆ ಹೊಕ್ಕಿದ್ದು ಹೋಗಲಿಲ್ಲ. ಹಗಲು ಅಕ್ಕಿ, ಸಂಜೆ ವಿಮಾನ. ವರ್ಷಗಟ್ಟಲೆ.

ಹಾರಿಸಿದ್ದು ಮಾತ್ರ ಇಲ್ಲಿ ಅಲ್ಲ. ಇಲ್ಲಿ ಬಯಲೆಲ್ಲಿದೆ? ರೆಕ್ಕೆ ಬಿಚ್ಚಿ, ಲಾರಿಗೆ ಹೇರಿ ಹೊನ್ನೆಮರಡಿನ ಕಡೆ ಒಯ್ದರು. ಬೇಸಿಗೆಯ ಕೊನೆಗೆ ಅಣೆಕಟ್ಟಿನ ಹಿನ್ನೀರು ಇಳಿದಾಗ ಅಲ್ಲಿ ಮೈದಾನ ಏಳುತ್ತದೆ — ಚಪ್ಪಟೆ, ಹಸಿರು ಗರಿಕೆ, ಕಣ್ಣು ಹೋಗುವಷ್ಟು ದೂರ. ಮಳೆ ಬಂದರೆ ಮತ್ತೆ ನೀರು. ವರ್ಷದಲ್ಲಿ ಕೆಲವೇ ವಾರ ಇರುವ ರನ್‌ವೇ. ಒಬ್ಬರೇ ಎಷ್ಟೋ ಸಲ ಹಾರಿದರಂತೆ. ಇಂಜಿನ್ನು ಒಂದು ದಿನವೂ ಕೆಮ್ಮಲಿಲ್ಲ.

"ಹಾಗಾದ್ರೆ ಎರಡು ಸೀಟು ಯಾಕೆ?"

"ಒಬ್ನೇ ಹಾರಿ ಬಂದು ಹೇಳಿದ್ರೆ ಈ ಊರಲ್ಲಿ ಯಾರು ನಂಬ್ತಾರೆ? ಸಾಕ್ಷಿ ಬೇಡ್ವಾ!"

ಜೋರಾಗಿ ನಕ್ಕರು. ನಗು ಅರ್ಧಕ್ಕೇ ನಿಂತಿತು. ಸಾಕ್ಷಿ ಕೂರಿಸಿಕೊಂಡು ಹಾರಿದ ಮೊದಲ ದಿನವೇ ಅದು ಬಿದ್ದದ್ದು.

ಬಿದ್ದ ಮೇಲೆ ಬಿಚ್ಚಿ ಅಟ್ಟದಲ್ಲಿಟ್ಟಿದ್ದ ಟ್ಯಾಂಕು ಇಳಿಸಿದೆವು. ಮುಚ್ಚಳ ಬಿಚ್ಚಿ ನನ್ನ ಕೈಗೆ ಕೊಟ್ಟರು, "ಪಾಲಿಶ್ ಮಾಡು ತಂಗಿ." ಮುಚ್ಚಳದ ನಡುವೆ ಸೂಜಿ ಹೋಗುವಷ್ಟು ತೂತು, ಒಳಗೆ ಏನೋ ಗಟ್ಟಿಯಾಗಿ ಕೂತಿದೆ. ಕಣಜದ ಮಣ್ಣಿರಬೇಕು. ಈ ಮಿಲ್ಲಿನಲ್ಲಿ ಸಂದು ಕಂಡಲ್ಲೆಲ್ಲ ಕಣಜ ಗೂಡು ಮಾಡಿದೆ. ಬಸ್ಸಿಗೆ ಹೊತ್ತಾಯಿತೆಂದು ಹಾಗೇ ಬಟ್ಟೆ ಸುತ್ತಿ ಇಟ್ಟು ಬಂದೆ.


ಏಪ್ರಿಲ್ 26, ಶನಿವಾರ

ಬೋರ್ಡಿನ ವಿಷಯದಲ್ಲಿ ನಾಗರಾಜಪ್ಪನವರದು ಒಂದೇ ಷರತ್ತು. ವಿಮಾನ ಪುಕ್ಕಟೆ ಕೊಡುತ್ತಾರೆ, ಆದರೆ ಕೊನೆಯ ಸಾಲು ಅವರು ಹೇಳಿದಂತೆಯೇ ಇರಬೇಕು.

"ಬರ್ಕೋ. ಕಟ್ಟಿದವನ ತಪ್ಪಿನಿಂದ ಬಿತ್ತು. ಜೊತೆಗಿದ್ದ ಧರ್ಮಪ್ಪ ಎಂಬುವವರ ಕಾಲು ಹೋಯಿತು."

"ಕಾಲು ಹೋಗ್ಲಿಲ್ಲ ಮಾರಾಯ್ರೇ, ಕುಂಟು ಬಂತು," ವನಮಾಲಕ್ಕ ಅಂದರು.

"ಎರಡೂ ಒಂದೇ."

"ಒಂದೇ ಅಲ್ಲ. ಬೇಕಾದ್ರೆ ಅವ್ರನ್ನೇ ಕೇಳಿ. ಮೊನ್ನೆ ಮದುವೇಲಿ ನಿಮಗಿಂತ ಮುಂಚೆ ಊಟದ ಹಾಲಿಗೆ ಓಡಿದ್ದು ಯಾರು?"

ನಾನು ತಲೆ ತಗ್ಗಿಸಿ ಬರೆದುಕೊಂಡೆ. ಏನು ತಪ್ಪು ಎಂದು ನಾಗರಾಜಪ್ಪನವರನ್ನು ಕೇಳಿದೆ.

"ಗೊತ್ತಿಲ್ಲ. ಅದೇ ಹೆದ್ರಿಕೆ. ಬಿದ್ದ ಮೇಲೆ ನೋಡಿದ್ರೆ ಅರ್ಧಕ್ಕಿಂತ ಜಾಸ್ತಿ ಪೆಟ್ರೋಲ್ ಇತ್ತು. ಪೆಟ್ರೋಲ್ ಇದ್ದೂ ಇಂಜಿನ್ ನಿಂತದೆ ಅಂದ್ರೆ ಕಾರ್ಬೊರೇಟರಿನಲ್ಲಿ ನಾನೇ ಏನೋ ಬಿಟ್ಟಿದೀನಿ. ಆಮೇಲೊಂದು ದಿನ ಇಂಜಿನ್ ಮಾತ್ರ ಬಿಚ್ಚಿ ನೆಲಕ್ಕಿಟ್ಟು, ಡಬ್ಬೀಲಿ ಪೆಟ್ರೋಲ್ ಕೊಟ್ಟು ಶುರು ಮಾಡ್ದೆ. ಹಾಡಿದ ಹಾಗೆ ಓಡ್ತು! ಕಾರ್ಬೊರೇಟರ್ ಬಿಚ್ಚಿದ್ರೆ ಏನೂ ಸಿಗ್ಲಿಲ್ಲ. ತಪ್ಪು ಸಿಕ್ಕಿದ್ರೆ ಸರಿ ಮಾಡ್ಬಹುದು. ಸಿಗ್ಲಿಲ್ಲ ಅಂದ್ರೆ... ಮತ್ತೆ ಯಾರನ್ನ ಹತ್ತಿಸ್ಕಳೋದು ಯಾವ ಧೈರ್ಯದ ಮೇಲೆ?"

ಅವರು ಮತ್ತೆ ಏನನ್ನೂ ಕಟ್ಟಲಿಲ್ಲ. ಅಷ್ಟೇ ಅಲ್ಲ. ಬಸ್‌ಸ್ಟಾಪಿನವರೆಗೆ ಬಂದ ವನಮಾಲಕ್ಕ ಇನ್ನೊಂದು ವಿಷಯ ಹೇಳಿದರು. ಅವತ್ತಿನಿಂದ ಅವರು ಬೈಕಿನ ಹಿಂದೆ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ. ಹೆಂಡತಿಯನ್ನೂ. "ತೀರ್ಥಹಳ್ಳಿ ಸಂತೆಗೆ ಇವ್ರು ಬೈಕಲ್ಲಿ, ನಾನು ಬಸ್ಸಲ್ಲಿ. ಸಂತೇಲಿ ಸಿಕ್ಕಿದ್ರೆ, ಓ ನೀನೂ ಬಂದ್ಯಾ ಅಂತಾರೆ."

ನಗುತ್ತಲೇ ಹೇಳಿದರು. ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಇಷ್ಟು ವರ್ಷ ಒಬ್ಬ ಮನುಷ್ಯನ ಬೈಕಿನ ಹಿಂದಿನ ಸೀಟು ಖಾಲಿ.


ಏಪ್ರಿಲ್ 29, ಮಂಗಳವಾರ

ನಾಗರಾಜಪ್ಪನವರು ಕಣ್ಣಾಸ್ಪತ್ರೆಗೆ ಹೋಗಿದ್ದರು. ವನಮಾಲಕ್ಕನ ಜೊತೆ ಅಡುಗೆಮನೆಯಲ್ಲಿ ಕೂತೆ. ಗೊಜ್ಜವಲಕ್ಕಿ ಕೊಟ್ಟರು. ಬಿದ್ದ ದಿನದ ಬಗ್ಗೆ ಕೇಳಲು ಬಾಯಿ ಬರಲಿಲ್ಲ. ಹಾಗಾಗಿ, ಬೀಳುವ ಮೊದಲಿನದು ಕೇಳಿದೆ. ಅವತ್ತು ಬೆಳಿಗ್ಗೆ ಏನು ಮಾಡಿದಿರಿ?

ಅವರ ಮುಖ ಅರಳಿತು. ಬಹುಶಃ ಯಾರೂ ಇದನ್ನು ಕೇಳಿಲ್ಲ.

"ಹಿಂದಿನ ದಿನವೇ ಲಾರೀಲಿ ಹೋಗಿ ಹೊನ್ನೆಮರಡಲ್ಲಿ ಉಳ್ಕಂಡಿದ್ವಿ. ಅದುವರೆಗೆ ಒಬ್ರೇ ಹಾರೋವಾಗ ಪೂಜೆ ಗೀಜೆ ಏನೂ ಇಲ್ಲ. ಇದು ಟೆಸ್ಟಿಂಗು, ಟೆಸ್ಟಿಂಗಿಗೆಲ್ಲ ಪೂಜೆ ಬೇಡ ಅಂತಿದ್ರು. ಅವತ್ತು ಜನ ಕೂರ್ತಾರೆ ಅಂದ ಮೇಲೆ ನಾನು ಬಿಡ್ತೀನಾ? ಹೊಸ ಸೈಕಲ್ಲಿಗೇ ಮಾಡ್ತೀವಿ. ಬೆಳಕು ಹರಿಯೋ ಮೊದ್ಲೇ ಎದ್ದು, ಮಿಂದು, ಗಂಧ ತೇಯ್ದೆ. ದೊಡ್ಡ ಬಟ್ಟಲು ತುಂಬಾ. ಇವ್ರು ನನಗೆ ಮೊದ್ಲೇ ಎಲ್ಲ ಹೇಳಿಕೊಟ್ಟಿದ್ರಲ್ಲ — ಇದು ಇಂಜಿನ್ನು, ಇದು ಅದರ ಎದೆ. ಇದು ಟ್ಯಾಂಕು, ಅದರ ಹೊಟ್ಟೆ. ದಾರ ಕಟ್ಟಿದ್ದು ಮೂಗು. ಯಾವ್ಯಾವುದು ಮುಖ್ಯ ಅಂದಿದ್ರೋ ಅದಕ್ಕೆಲ್ಲ ಗಂಧ ಇಟ್ಟು, ಮೇಲೆ ಕುಂಕುಮದ ಬೊಟ್ಟು. ಒಂದೂ ಬಿಡ್ಲಿಲ್ಲ. ಚಕ್ರದಡಿ ಲಿಂಬೆಹಣ್ಣು. ಇವ್ರು ಆ ಹೊತ್ತಿಗೆ ಧರ್ಮಪ್ಪಣ್ಣನ ಜೊತೆ ನೆಲ ನೋಡೋಕೆ ಹೋಗಿದ್ರು, ಎಲ್ಲಾದ್ರೂ ಹಸಿ ಇದ್ಯಾ ಅಂತ. ಬರೋದ್ರೊಳಗೆ ಬಿಸಿಲು ಏರಿ ಬೊಟ್ಟೆಲ್ಲ ಒಣಗಿ, ಮದುಮಗಳ ಹಾಗೆ ಕಾಣ್ತಿತ್ತು ಕಣೇ ವಿಮಾನ."

ಮೊದಲು ಧರ್ಮಪ್ಪ, ಆಮೇಲೆ ವನಮಾಲಕ್ಕ ಹಾರುವುದು ಎಂದು ಮಾತಾಗಿತ್ತಂತೆ. ಸೀರೆ ಸಿಕ್ಕಿಕೊಳ್ಳುತ್ತದೆ ಎಂದು ಮಗಳ ಚೂಡಿದಾರ್ ಹಾಕಿಕೊಂಡು ಕಾದು ನಿಂತಿದ್ದರು.

"ಮೇಲಿಂದ ನೋಡಿದ್ರೆ ಹೇಗೆ ಕಾಣ್ತದೆ ಅಂತ ಈಗ್ಲೂ ಅಂದ್ಕಳ್ತೀನಿ," ಎಂದು ಎದ್ದು ಹಾಲಿನ ಉರಿ ತಗ್ಗಿಸಿದರು.


ಮೇ 3, ಶನಿವಾರ

ಧರ್ಮಪ್ಪನವರನ್ನು ನೋಡಲು ತುಮರಿಗೆ. ಸಾಗರದಿಂದ ಬಸ್ಸು, ಆಮೇಲೆ ಹಿನ್ನೀರು ದಾಟುವ ಲಾಂಚು. ಪಕ್ಕದಲ್ಲಿ ಸೇತುವೆ ಮುಗಿಯುತ್ತ ಬಂದಿದೆ. ಲಾಂಚಿನಲ್ಲಿದ್ದವರೆಲ್ಲ ತಲೆ ಎತ್ತಿ ಅದನ್ನೇ ನೋಡುತ್ತಿದ್ದರು, ನಾನೊಬ್ಬಳೇ ನೀರು ನೋಡುತ್ತಿದ್ದೆ. ಇಳಿದ ನೀರಿನ ಅಂಚಿಗೆ ಮುಳುಗಿದ ಮರಗಳ ಕಪ್ಪು ಬೊಡ್ಡೆಗಳು. ಕೆಂಪು ದಂಡೆಯಲ್ಲಿ ವರುಷ ವರುಷದ ನೀರು ಗೀಚಿದ ಗೆರೆಗಳು.

ಧರ್ಮಪ್ಪನವರು ಲಾಂಚಿನಲ್ಲೇ ಕೆಲಸ ಮಾಡಿ ನಿವೃತ್ತರಾದವರು. ಎಲ್ಲಿ ನೀರು ಯಾವಾಗ ಇಳಿಯುತ್ತದೆ ಎಂದು ನಾಗರಾಜಪ್ಪನವರಿಗೆ ಹೇಳುತ್ತಿದ್ದವರು ಇವರೇ. ಗೆಳೆತನ ಹಾಗೆ ಶುರುವಾದದ್ದು. ಬಲಗಾಲು ಸ್ವಲ್ಪ ಎಳೆದು ನಡೆಯುತ್ತಾರೆ.

"ಬೋರ್ಡಿನಲ್ಲಿ ನನ್ನ ಹೆಸರು ಬರ್ತದಾ? ದೊಡ್ಡದಾಗಿ ಬರೀರಿ. ವಿಮಾನದಿಂದ ಬಿದ್ದವನು ನಮ್ಮ ಹೋಬಳೀಲಿ ನಾನೊಬ್ನೇ. ತೆಂಗಿನ ಮರದಿಂದ ಬಿದ್ದೋರು ಬೇಕಾದಷ್ಟು ಜನ ಇದಾರೆ."

ಅವರು ಹೇಳುವ ರೀತಿಗೆ ನಾನೂ ನಕ್ಕೆ. ಅಪರಿಚಿತರ ಮನೆಯಲ್ಲಿ ನಾನು ನಗುವುದು ಕಡಿಮೆ.

ಮೇಲಿಂದ ಏನು ಕಂಡಿತು ಎಂದೆ. ನೀರಿನೊಳಗೆ ಹಳೆ ರಸ್ತೆ ಕಂಡಿತಂತೆ. ಮುಳುಗಿದ ಊರಿಗೆ ಹೋಗುವ ರಸ್ತೆ, ಎರಡೂ ಬದಿ ಸಾಲು ಬೊಡ್ಡೆ. "ದಿನಾ ಅದರ ಮೇಲೇ ಲಾಂಚು ಓಡಿಸ್ತಿದ್ದೆ. ಅಡೀಲಿ ರಸ್ತೆ ಇದೆ ಅಂತ ಅವತ್ತೇ ಗೊತ್ತಾಗಿದ್ದು."

ಆಮೇಲೆ ಇಂಜಿನ್ನು ಕೆಮ್ಮಿತು, ನಿಂತಿತು. ಬರೀ ಗಾಳಿ. ನಾಗರಾಜಪ್ಪನವರು ವಿಮಾನವನ್ನು ನೀರಿನಂಚಿನ ಕೆಸರಿಗೆ ಇಳಿಸಿದರು. ಮುಂದಿನ ಚಕ್ರ ಹೂತು ಮೂಗು ಮುರಿದು, ಪೈಪಿನ ನಡುವೆ ಇವರ ಕಾಲು ಸಿಕ್ಕಿತು.

"ನಾನು ಅಯ್ಯಯ್ಯೋ ಅಂತ ಕೂಗ್ತಾ ಇದೀನಿ. ಇವ ಏನು ಮಾಡ್ದ ಹೇಳಿ? ನನ್ನ ಕಾಲು ನೋಡೋ ಮೊದ್ಲು ಪೆಟ್ರೋಲು ನೋಡ್ದ! ಹಿಂದೆ ತಿರುಗಿ ಟ್ಯಾಂಕಿನ ಮುಚ್ಚಳ ಬಿಚ್ಚಿದ. ಈಗ್ಲೂ ಸಿಕ್ಕಿದಾಗೆಲ್ಲ ಕೇಳ್ತೀನಿ — ಏನಪ್ಪ, ಮೊದ್ಲು ಕಾಲೋ ಪೆಟ್ರೋಲೋ? ಪಾಪ, ಮುಖ ಸಣ್ಣ ಮಾಡ್ತಾನೆ. ತಮಾಷೆ ಅಂತ ಗೊತ್ತೇ ಆಗಲ್ಲ ಅವಂಗೆ. ಮುಚ್ಚಳ ಬಿಚ್ಚಿದಾಗ ಸುಯ್ ಅಂತು. ಆ ಶಬ್ದ ಕೂಡ ನೆನಪಿದೆ ನನಗೆ, ಅಷ್ಟು ನೋವಲ್ಲೂ."

"ಸೋಡಾ ಬಿಚ್ಚಿದ ಹಾಗಾ?" ನಾನು ಕೇಳಿದೆ.

ಸ್ವಲ್ಪ ಯೋಚಿಸಿದರು. "ಅಲ್ಲ. ಸೋಡಾ ಹೊರಗೆ ಬಿಡ್ತದೆ. ಇದು ಒಳಗೆ ಎಳ್ಕಂಡಿದ್ದು. ಹೀಗೆ." ತುಟಿ ಚೂಪು ಮಾಡಿ ಗಾಳಿ ಒಳಗೆಳೆದು ತೋರಿಸಿದರು. ಅವರ ಹೆಂಡತಿ ಒಳಗಿನಿಂದ, "ಎಂತ ಆಯ್ತು, ಕಾಫಿ ಬಿಸಿಯಾಯ್ತಾ?" ಎಂದರು.

ನಾಗರಾಜಪ್ಪನವರು ನನಗೆ ಆ ಶಬ್ದದ ವಿಷಯ ಹೇಳಿರಲಿಲ್ಲ. ಅವರು ಕೇಳಿಸಿಕೊಂಡೇ ಇಲ್ಲವೇನೋ.


ಮೇ 5, ಸೋಮವಾರ, ಮಧ್ಯಾಹ್ನ

ಅಡುಗೆಮನೆಯಿಂದ ಎದ್ದು ಬಂದು ಬರೆಯುತ್ತಿದ್ದೇನೆ.

ಅಮ್ಮ ತೆಂಗಿನೆಣ್ಣೆಯ ಹೊಸ ಡಬ್ಬ ಕೊಟ್ಟು ತೂತು ಮಾಡು ಎಂದಳು. ಮೊಳೆ ಇಟ್ಟು ಹೊಡೆದೆ. ಬಾಟಲಿಗೆ ಬಗ್ಗಿಸಿದರೆ ಎಣ್ಣೆ ಸ್ವಲ್ಪ ಸುರಿದು, ತೊಟ್ಟಿಕ್ಕಿ, ನಿಂತೇ ಹೋಯಿತು. ಡಬ್ಬ ತುಂಬಾ ಎಣ್ಣೆ ಇದೆ, ಬರುತ್ತಿಲ್ಲ.

"ಒಂದೇ ತೂತು ಮಾಡಿದ್ರೆ ಹೇಗೆ ಬರ್ತದೇ? ಆಚೆ ಕಡೆ ಇನ್ನೊಂದು ಹೊಡಿ. ಗಾಳಿ ಹೋಗ್ಬೇಡ್ವಾ ಒಳಗೆ?"

ಇನ್ನೊಂದು ಹೊಡೆದೆ. ಸುಯ್ ಎಂದು ಒಳಗೆಳೆದುಕೊಂಡಿತು. ಸಣ್ಣ ಶಬ್ದ. ಎಣ್ಣೆ ಧಾರೆಯಾಗಿ ಬಂತು.

ಡಬ್ಬ ಹಿಡಿದು ಹಾಗೇ ನಿಂತೆ. ಎಣ್ಣೆ ಬಾಟಲಿಯಿಂದ ಉಕ್ಕಿ ನೆಲಕ್ಕೆ ಹೋಯಿತು, ಅಮ್ಮ ಬೈದಳು.

ಮುಚ್ಚಳದ ತೂತು ಗಾಳಿಗೆ. ಪೆಟ್ರೋಲ್ ಕೆಳಗಿಳಿದಂತೆ ಗಾಳಿ ಒಳಗೆ ಹೋಗಬೇಕು. ಅದು ಮುಚ್ಚಿದ್ದರೆ... ಟ್ಯಾಂಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪೆಟ್ರೋಲ್. ತೆರೆದ ಡಬ್ಬಿಯಿಂದ ಕೊಟ್ಟಾಗ ಇಂಜಿನ್ನು ಹಾಡಿದ ಹಾಗೆ ಓಡಿತು.

ಕಣಜದ ಮಣ್ಣು ಎಂದುಕೊಂಡೆನಲ್ಲ. ಕಣಜವೇ ಇರಲಿ.


ಮೇ 6, ಮಂಗಳವಾರ

ಕಣಜ ಅಲ್ಲ.

ಬೆರಳು ಒದ್ದೆ ಮಾಡಿ ಮುಚ್ಚಳದ ತೂತಿನ ಮೇಲೆ ಉಜ್ಜಿದೆ. ಕೆಂಪು ಹತ್ತಿತು. ಮೂಗಿನ ಹತ್ತಿರ ಹಿಡಿದರೆ, ಧೂಳು, ಪೆಟ್ರೋಲು, ಅದರ ಹಿಂದೆ ಎಲ್ಲೋ ಗಂಧ. ಅವತ್ತು ಬೆಳಿಗ್ಗೆ ವನಮಾಲಕ್ಕ ಇಟ್ಟ ಬೊಟ್ಟು.

ನಾಗರಾಜಪ್ಪನವರು ಆಚೆ ಬದಿಯಲ್ಲಿ ಚಕ್ರಕ್ಕೆ ಗ್ರೀಸ್ ಹಾಕುತ್ತಿದ್ದರು. "ಆಯ್ತಾ ತಂಗಿ ಮುಚ್ಚಳ?"

"ಇನ್ನೂ ಇಲ್ಲ" ಎಂದೆ.

ಪಕ್ಕದಲ್ಲೇ ಸೂಜಿ ಇತ್ತು. ಒದ್ದೆ ಬಟ್ಟೆಯೂ ಇತ್ತು. ಒಂದು ನಿಮಿಷದ ಕೆಲಸ, ಇನ್ನು ಯಾರಿಗೂ ಗೊತ್ತಾಗದು. ಮತ್ತೆ ಬಟ್ಟೆ ಸುತ್ತಿ ನನ್ನ ಚೀಲದಲ್ಲಿ ಇಟ್ಟುಕೊಂಡು ಬಂದೆ. ಕೇಳದೆ ತಂದೆ. ಕಳ್ಳತನವೇ.


ಮೇ 13, ಮಂಗಳವಾರ

ಒಂದು ವಾರ ಹೋಗಲಿಲ್ಲ. ಜ್ವರ ಎಂದು ಫೋನಿನಲ್ಲಿ ಹೇಳಿದ್ದೆ. ವನಮಾಲಕ್ಕ ಬಸ್ ಕಂಡಕ್ಟರರ ಕೈಯಲ್ಲಿ ಕಷಾಯದ ಪುಡಿ ಕಳಿಸಿದರು. ಅಮ್ಮ ನನ್ನನ್ನು ನೋಡಿದಳು, ಪುಡಿಯನ್ನು ನೋಡಿದಳು, ಕುದಿಸಿ ಕೊಟ್ಟಳು. ಜ್ವರ ಇಲ್ಲದವಳು ಕಷಾಯ ಕುಡಿದೆ.

ಸುಮನಾ ಮೇಡಂ ಫೋನು ಇವತ್ತು. ಲಾರಿ ಭಾನುವಾರ ಬರುತ್ತದೆ. ಪೇಂಟರಿಗೆ ಶನಿವಾರ ಸಂಜೆಯೊಳಗೆ ಬರಹ ಕೊಡಬೇಕು.

"ಮೇಡಂ, ಬಿದ್ದ ಕಾರಣ ಬರೀದೆ ಬಿಟ್ರೆ?"

"ಅವ್ರು ಒಪ್ಪಲ್ಲ ವಿನಯಾ. ಆ ಸಾಲು ಇಲ್ಲ ಅಂದ್ರೆ ವಿಮಾನವೇ ಕೊಡಲ್ಲ ಅಂತಾರೆ. ಹಠ. ಯಾಕೆ, ಏನಾದ್ರೂ ಸಿಕ್ತಾ?"

"ಇಲ್ಲ" ಎಂದೆ.

ಕರೆ ಮುಗಿದ ಮೇಲೆ ಬಹಳ ಹೊತ್ತು ಫೋನು ಕೈಯಲ್ಲೇ ಇತ್ತು. ಮಾತಾಡದೆ ಇರುವುದಕ್ಕೂ ಸುಳ್ಳು ಹೇಳುವುದಕ್ಕೂ ಎಷ್ಟು ದೂರ? ನಾನು ಯಾವತ್ತೂ ಮೊದಲನೆಯದರಲ್ಲೇ ಇದ್ದೇನೆ ಎಂದುಕೊಂಡಿದ್ದೆ.

ಬೋರ್ಡಿನ ಉಳಿದದ್ದು ಸರಾಗವಾಗಿ ಬಂದಿದೆ. ಮಿಲ್ಲು, ಬಸ್ಸಿನ ಸೀಟು, ಹೊಲಿಗೆ, ಹಿನ್ನೀರಿನ ಬಯಲು. ಕೊನೆಯ ಸಾಲಿನ ಜಾಗ ಖಾಲಿ.


ಮೇ 15, ಗುರುವಾರ

ಹೋದೆ. ಮಿಲ್ಲಿನ ತುಂಬಾ ಖುಷಿ. ರೆಕ್ಕೆ ಬಿಚ್ಚುವ ಮೊದಲು ಒಮ್ಮೆ ಪೂರ್ತಿ ನೋಡಲಿ ಎಂದು ಧರ್ಮಪ್ಪನವರನ್ನೂ ಕರೆಸಿದ್ದಾರೆ. ಅವರು ಬಂದವರೇ ಹಳೆಯ ಸೀಟಿನಲ್ಲಿ ಹತ್ತಿ ಕೂತರು.

"ಸ್ಟಾರ್ಟ್ ಮಾಡಪ್ಪಾ, ತುಮರಿಗೆ ಬಿಡು. ಲಾಂಚಿನ ಕ್ಯೂ ತಪ್ತದೆ."

ನಾಗರಾಜಪ್ಪನವರು ನಗಲಿಲ್ಲ. "ಇಳಿ ಮಾರಾಯ, ಪೈಪು ಹಳತು," ಎಂದು ಕೈ ಹಿಡಿದು ಇಳಿಸಿದರು. ನೆಲ ಮುಟ್ಟಿದ ಮೇಲೂ ಆ ಕೈ ಬಿಡಲಿಲ್ಲ. ಧರ್ಮಪ್ಪನವರ ತಮಾಷೆ ಅಲ್ಲಿಗೆ ನಿಂತಿತು.

ಮುಚ್ಚಳ ಎಲ್ಲಿ ಎಂದು ಕೇಳಿದರು. ಮನೆಯಲ್ಲಿ ಪಾಲಿಶ್ ಮಾಡುತ್ತಿದ್ದೇನೆ, ಶನಿವಾರ ತರುತ್ತೇನೆ ಎಂದೆ. ನಂಬಿದರು. ಅದೂ ಕಷ್ಟವಾಯಿತು.

ಊಟದ ನಂತರ ಅವರಿಬ್ಬರೂ ಜಗಲಿಯಲ್ಲಿ ಅಡ್ಡಾದರು. ವನಮಾಲಕ್ಕ ಪಾತ್ರೆ ತೊಳೆಯುತ್ತಿದ್ದರು, ನಾನು ಒರೆಸಿಡುತ್ತಿದ್ದೆ.

"ಆ ಸಾಲು ಹಾಕ್ಲೇಬೇಕಾ ಕಣೇ? ಶಾಲೆ ಮಕ್ಕಳೆಲ್ಲ ಓದ್ತಾರೆ. ಕಟ್ಟಿದವನ ತಪ್ಪು ಅಂತ."

"ಅವರೇ ಹೇಳಿದ್ದು."

"ಅವ್ರು ಹೇಳ್ತಾರೆ. ಒಬ್ರೇ ಹೊತ್ಕಂಡು ಹೊತ್ಕಂಡು ಅವರಿಗದು ಅಭ್ಯಾಸ ಆಗೋಗಿದೆ." ಪಾತ್ರೆ ಉಜ್ಜುವುದು ನಿಂತಿತು. "ನಾನು ಎಷ್ಟೋ ಸಲ ಅಂದ್ಕಂಡಿದೀನಿ. ನನ್ನ ಹೊಲಿಗೆನೇ ಬಿಟ್ಟು ಬಿದ್ದಿದ್ರೂ ಚೆನ್ನಾಗಿತ್ತು. ಅತ್ತು, ಧರ್ಮಪ್ಪಣ್ಣನ ಕಾಲು ಹಿಡ್ದು, ಬೈಸ್ಕಂಡು ಮುಗಿಸ್ತಿದ್ದೆ. ಇವರಿಗೆ ಅಳೋಕೂ ಬರಲ್ಲ."

ಒರೆಸುತ್ತಿದ್ದ ತಟ್ಟೆ ಕೈಯಲ್ಲೇ ಉಳಿಯಿತು. ಈಗ ಹೇಳಬಹುದಿತ್ತು. ಅವರೇ ಬಾಗಿಲು ತೆರೆದಿದ್ದರು.

ಆದರೆ ಹಾಗೆ ಅಂದುಕೊಳ್ಳುವುದು ಬೇರೆ. ನಿಜ ಎಂದು ಯಾರೋ ಬಂದು ಹೇಳುವುದು ಬೇರೆ. ಅವತ್ತಿನ ಬೆಳಿಗ್ಗೆಯನ್ನು ನೆನೆದಾಗ ಅವರ ಮುಖ ಹೇಗೆ ಅರಳಿತ್ತು, ನೋಡಿದ್ದೇನೆ. ಅವರಿಗೆ ಆ ದಿನದಲ್ಲಿ ಉಳಿದಿರುವ ಒಳ್ಳೆಯ ಭಾಗ ಅದೊಂದೇ. ಅದನ್ನೂ ಕಿತ್ತುಕೊಳ್ಳುವವಳು ನಾನಾಗಬೇಕೇ?

ಹೇಳಲಿಲ್ಲ. ತಟ್ಟೆ ಒರೆಸಿಟ್ಟೆ.


ಮೇ 16, ಶುಕ್ರವಾರ

ಮನೆಯಲ್ಲೇ. ಪಟ್ಟು ಹಿಡಿದು ಯೋಚಿಸಿದೆ.

ಒಂದು ದಾರಿ: ತೂತು ಸ್ವಚ್ಛ ಮಾಡಿ, ಅವರು ಹೇಳಿದ ಸಾಲನ್ನೇ ಬರೆಯುವುದು. ಯಾರೂ ಹೊಸದಾಗಿ ನೋಯುವುದಿಲ್ಲ. ಆದರೆ ನಾಗರಾಜಪ್ಪನವರು ತಮ್ಮ ಕೈಯನ್ನು ತಾವೇ ನಂಬದೆ ಕೊನೆಯವರೆಗೂ ಇರುತ್ತಾರೆ, ಅದೂ ಬಣ್ಣದ ಅಕ್ಷರದಲ್ಲಿ, ನಾನು ಬರೆದ ವಾಕ್ಯದಲ್ಲಿ.

ಇನ್ನೊಂದು: ಅವರಿಗೇ ಹೇಳುವುದು. ಇದೇ ಸರಿ ಎಂದು ಬೆಳಿಗ್ಗೆಯಿಂದ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ — ಅವರಿಗೆ ಹೇಳಿದರೆ ಏನು ಮಾಡುತ್ತಾರೆ ಎಂದು ನನಗೆ ಗೊತ್ತು. ಮುಚ್ಚಳ ತೆಗೆದುಕೊಳ್ಳುತ್ತಾರೆ, ಪೊರೆಗಣ್ಣಿನ ಹತ್ತಿರ ಹಿಡಿಯುತ್ತಾರೆ, ಉಗುರಿನಿಂದ ಮುಟ್ಟುತ್ತಾರೆ. ಮೆಕ್ಯಾನಿಕ್ ಅವರು, ಅರ್ಧ ಕ್ಷಣ ಸಾಕು. ಆಮೇಲೆ ಸೂಜಿ ಕೇಳುತ್ತಾರೆ. ತೂತು ಬಿಡಿಸಿ, ಊದಿ, "ಇವಳಿಗೆ ಹೇಳ್ಬೇಡ ತಂಗಿ, ಸಾಲು ಹಾಗೇ ಇರ್ಲಿ" ಎನ್ನುತ್ತಾರೆ. ಇನ್ನೂ ಮಾತಾಡಿದರೆ, ಹಾರುವ ಮೊದಲು ಮುಚ್ಚಳ ನೋಡದೆ ಬಿಟ್ಟವನು ನಾನಲ್ಲವಾ, ತಪ್ಪು ನನ್ನದೇ ಅಲ್ಲವಾ ಎನ್ನುತ್ತಾರೆ. ಅದೂ ನಿಜವೇ ಇರಬಹುದು. ಆದರೆ ವನಮಾಲಕ್ಕ ಆ ಮಾತಿನಿಂದ ಹೊರಗೇ ಉಳಿಯುತ್ತಾರೆ, ಬಸ್ಸಿನಲ್ಲೇ ಸಂತೆಗೆ ಹೋಗುತ್ತಾರೆ. ಅವರ ಗಂಡ ಇಷ್ಟು ವರ್ಷ ಏನು ಹೊತ್ತರು, ಯಾರ ಪಾಲಿನದನ್ನು ಹೊತ್ತರು ಎಂದು ತಿಳಿಯುವುದೇ ಇಲ್ಲ.

ವನಮಾಲಕ್ಕನನ್ನು ನೋವಿನಿಂದ ಕಾಪಾಡುತ್ತಿದ್ದೇನೆ ಎಂದುಕೊಂಡೆ. ಅವರ ಪರವಾಗಿ ನಾನೇ ತೀರ್ಮಾನ ಮಾಡುತ್ತಿದ್ದೆ, ಅಷ್ಟೇ. ಅವರನ್ನು ಕೇಳದೆ.


ಮೇ 17, ಶನಿವಾರ, ಬೆಳಿಗ್ಗೆ ಹತ್ತೂವರೆ

ಮಿಲ್ಲಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ರೆಕ್ಕೆಗಳು ಬಿಚ್ಚಿ ಗೋಡೆಗೆ ಒರಗಿವೆ. ವಿಮಾನ ಈಗ ಬರೀ ಎರಡು ಸೀಟಿನ ಗಾಡಿ.

ನಾಗರಾಜಪ್ಪನವರು ಹಗ್ಗ ತರಲು ಪೇಟೆಗೆ ಹೋದರು. ಬೈಕಿನಲ್ಲಿ, ಒಬ್ಬರೇ. ಧರ್ಮಪ್ಪನವರು ನಿನ್ನೆಯೇ ಊರಿಗೆ ಹೋದರಂತೆ.

ಬರಹ ಸಂಜೆಗೆ ಕೊಡಬೇಕು. ಕೊನೆಯ ಸಾಲು ಬರೆದಿಲ್ಲ. ಅದನ್ನು ನಾನೊಬ್ಬಳೇ ಬರೆಯುವುದಿಲ್ಲ. ಚೀಲದಲ್ಲಿರುವ ಮುಚ್ಚಳವನ್ನು ವನಮಾಲಕ್ಕನ ಮುಂದಿಟ್ಟು ಹೇಳುತ್ತೇನೆ. ಆಮೇಲೆ ಅವರು ಏನು ಹೇಳುತ್ತಾರೋ ಅದು. ಹಾಕಬೇಡ ಎಂದರೆ ಹಾಕುವುದಿಲ್ಲ, ಹಾಕು ಎಂದರೆ ಹಾಕುತ್ತೇನೆ, ಗಂಡನಿಗೆ ನಾನೇ ಹೇಳುತ್ತೇನೆ ಎಂದರೆ ಜೊತೆಗೆ ನಿಲ್ಲುತ್ತೇನೆ. ಅತ್ತರೆ ಏನು ಮಾಡಬೇಕೋ ಗೊತ್ತಿಲ್ಲ. ಕೂತಿರುತ್ತೇನೆ.

ಅಡುಗೆಮನೆಯಲ್ಲಿ ಒಬ್ಬರೇ ಇದ್ದಾರೆ. ಕಾಯಿ ತುರಿಯುವ ಸದ್ದು ಬರುತ್ತಿದೆ. ಮೊದಲ ವಾಕ್ಯವನ್ನು ಬಸ್ಸಿನುದ್ದಕ್ಕೂ ತಿದ್ದಿ ತಿದ್ದಿ ನೋಡಿದೆ, ಒಂದೂ ಸರಿಬರಲಿಲ್ಲ. ಬರೆದಿಟ್ಟುಕೊಂಡು ಓದುವ ಮಾತಲ್ಲ ಇದು.

ತುರಿಯುವುದು ನಿಂತಿತು. "ವಿನಯಾ, ಒಬ್ಳೇ ಎಂತ ಮಾಡ್ತಿದೀಯೇ ಅಲ್ಲಿ?" ಎನ್ನುತ್ತಿದ್ದಾರೆ.

ಬಂದೆ ಅಕ್ಕಾ, ಎಂದೆ. ಜೋರಾಗಿಯೇ. ಈಗ ಎದ್ದು—